ತಾಡೋಲೆಯ ಛಾಯಾಚಿತ್ರ ಮತ್ತು ವಿಡಿಯೊ ಸಂಕಲನ: ಪಾಠಶುದ್ಧಿಯ ದೃಷ್ಟಿಯಿಂದ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ಧವಲಾ, ಜಯಧವಲಾ ಮತ್ತು ಮಹಾಬಂಧಗಳ ತಾಡೋಲೆ ಪ್ರತಿಗಳು ದಿಗಂಬರ ಆಗಮ ಪರಂಪರೆಯ ಅಮೂಲ್ಯ ನಿಧಿಗಳು. ಹಳಗನ್ನಡ ಲಿಪಿಯ ಈ ಪ್ರತಿಗಳ ಕೆಲವು ಗರಿಗಳಲ್ಲಿ ವರ್ಣಚಿತ್ರಗಳೂ ಉಂಟು. ಇಂತಹ ಪ್ರತಿಗಳನ್ನು ಕುರಿತು ಸಾಕ್ಷ್ಯಚಿತ್ರವನ್ನೋ ಉಪನ್ಯಾಸವನ್ನೋ ಸಿದ್ಧಪಡಿಸುವಾಗ ಜೀರ್ಣವಾದ ಗರಿಯನ್ನು ಮತ್ತೆ ಮತ್ತೆ ದೀಪದ ಮುಂದಿಡುವುದು ಉಚಿತವಲ್ಲ. ಒಮ್ಮೆ ತೆಗೆದ ಛಾಯಾಚಿತ್ರವನ್ನೇ ವಿಡಿಯೊ ಸಂಕಲನಕ್ಕೆ ಅಳವಡಿಸುವುದು ಕ್ಷೇಮಕರ. ಆದರೆ ಈ ಅಳವಡಿಕೆಯಲ್ಲಿ ಲಿಪಿಕಾರನ ಅಕ್ಷರಕ್ಕೆ ಅಪಚಾರವಾಗುವ ಸಂದರ್ಭಗಳು ಹಲವಿರುವುದರಿಂದ, ಅದರ ಕ್ರಮವನ್ನು ಪಂಡಿತರೂ ಅರಿತಿರುವುದು ಅವಶ್ಯ.

ಮೊದಲನೆಯ ತೊಡಕು ಆಕಾರದ್ದು. ಇಂದು ಬಳಕೆಯಲ್ಲಿರುವ ವಿಡಿಯೊ ಚೌಕಟ್ಟಿನ ಅಗಲ ಮತ್ತು ಎತ್ತರಗಳ ಪ್ರಮಾಣ ಸಾಮಾನ್ಯವಾಗಿ 16:9. ತಾಡೋಲೆಯಾದರೋ ಅತಿ ನೀಳವಾದುದು. ಉದಾಹರಣೆಗೆ 60 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲವುಳ್ಳ, 8 ಪಂಕ್ತಿಗಳ ಗರಿಯೊಂದನ್ನು ಭಾವಿಸೋಣ. ಇದರ ಪ್ರಮಾಣ 12:1. ಚೌಕಟ್ಟನ್ನು ತುಂಬಿಸುವ ಆಸೆಯಿಂದ ಗರಿಯನ್ನು ಮೇಲಕ್ಕೆ ಹಿಗ್ಗಿಸಿದರೆ ಅಕ್ಷರಗಳೆಲ್ಲ ನೀಳವಾಗಿ, ಲಿಪಿಸ್ವರೂಪದಿಂದ ಕಾಲನಿರ್ಣಯ ಮಾಡುವವನು ದಾರಿ ತಪ್ಪುತ್ತಾನೆ. ಆದುದರಿಂದ ಪ್ರಮಾಣವನ್ನು ಕೆಡಿಸದೆ, ಮೇಲೆ ಕೆಳಗೆ ಉಳಿಯುವ ಜಾಗವನ್ನು ಒಂದೇ ಮಂದ ಬಣ್ಣದಿಂದ ತುಂಬುವುದೇ ಯುಕ್ತ.

ಎರಡನೆಯದು ಪಿಕ್ಸೆಲ್‌ಗಳ, ಎಂದರೆ ಚಿತ್ರಬಿಂದುಗಳ, ಲೆಕ್ಕ. 1920×1080 ಬಿಂದುಗಳ ಚೌಕಟ್ಟಿನಲ್ಲಿ ಮೇಲಿನ ಗರಿಯನ್ನು ಇಡಿಯಾಗಿ ತೋರಿಸಿದರೆ ಅದರ ಎತ್ತರ 160 ಬಿಂದು ಮಾತ್ರ. ಪಂಕ್ತಿಯೊಂದಕ್ಕೆ 20 ಬಿಂದು. ಒತ್ತಕ್ಷರಗಳು ಇದರಲ್ಲಿ ಸ್ಪಷ್ಟವಾಗಲಾರವು. ಗರಿಯ ಕಾಲು ಭಾಗ ಚೌಕಟ್ಟಿನ ಅಗಲವನ್ನು ತುಂಬುವಂತೆ ತೋರಿಸುವುದಾದರೆ ಪಂಕ್ತಿಗೆ 80 ಬಿಂದುಗಳು ದೊರೆತು ಓದು ಸುಲಭವಾಗುತ್ತದೆ. ಆಗ ಇಡೀ ಗರಿಯ ಚಿತ್ರವು 7680 ಬಿಂದುಗಳಷ್ಟು, ಎಂದರೆ ಸೆಂಟಿಮೀಟರಿಗೆ 128 ಬಿಂದುಗಳಷ್ಟು, ಇರಬೇಕು. ಅಚ್ಚಿನ ಕೆಲಸದಲ್ಲಿ ಹೇಳುವ ಅಂಗುಲಕ್ಕೆ 300 ಎಂಬ ಸೂಚನೆಗೆ ವಿಡಿಯೊದಲ್ಲಿ ಅರ್ಥವಿಲ್ಲ. ಚಿತ್ರದ ಒಟ್ಟು ಬಿಂದುಗಳೇ ಇಲ್ಲಿ ಪ್ರಮಾಣ.

ಹೀಗೆ ಸಿದ್ಧವಾದ ಚಿತ್ರವನ್ನು ಎಡದಿಂದ ಬಲಕ್ಕೆ ಓದುತ್ತ ಸಾಗುವಂತೆ ಚಲಿಸಬಹುದು. ಸೆಕೆಂಡಿಗೆ 25 ಚೌಕಟ್ಟುಗಳಿರುವಲ್ಲಿ, ಪ್ರತಿ ಚೌಕಟ್ಟಿಗೆ 4 ಬಿಂದು ಸರಿದರೆ, ಉಳಿದ 5760 ಬಿಂದುಗಳನ್ನು ಕ್ರಮಿಸಲು 57.6 ಸೆಕೆಂಡು ಬೇಕು. ಸರಿಯುವ ಬಿಂದುಗಳು ಪೂರ್ಣಸಂಖ್ಯೆಯಾಗಿದ್ದರೆ ಸೂಕ್ಷ್ಮರೇಖೆಗಳ ಕಂಪನ ಕಡಿಮೆ. ನೀಳವಾದ ಗರಿಯನ್ನು ಹಲವು ಭಾಗಗಳಾಗಿ ತೆಗೆದು ಜೋಡಿಸಿದ್ದರೆ, ಕೂಡುವೆಡೆಯಲ್ಲಿ ಅಕ್ಷರ ಲೋಪಿಸಿಲ್ಲ, ಇಮ್ಮಡಿಸಿಲ್ಲ ಎಂಬುದನ್ನು ಮೂಲದೊಡನೆ ಹೋಲಿಸಿ ನೋಡಬೇಕು.

ಎಲ್ಲಕ್ಕಿಂತ ಗಂಭೀರವಾದುದು ಚಿತ್ರವನ್ನು ಶುಚಿಗೊಳಿಸುವ ವಿಚಾರ. ಕಲೆ, ಚುಕ್ಕೆ, ರಂಧ್ರಗಳನ್ನು ತಾನೇ ಗುರುತಿಸಿ ಅಳಿಸುವ ಸಾಧನಗಳು ಸಂಕಲನಕಾರನ ಕೈಯಲ್ಲಿವೆ. ಅವು ಸೊನ್ನೆಗೂ ಹುಳು ಕೊರೆದ ತೂತಿಗೂ ಭೇದವನ್ನರಿಯವು. ದಕ್ಷಿಣದ ಕೆಲವು ಪ್ರಾಕೃತ ಪ್ರತಿಗಳಲ್ಲಿ ವ್ಯಂಜನದ ಹಿಂದಿನ ಸೊನ್ನೆಯು ದ್ವಿತ್ವವನ್ನು ಸೂಚಿಸುವುದೂ ಉಂಟು. ಅದು ಅಳಿದರೆ ಪದವೇ ಬೇರೆಯಾಗುತ್ತದೆ. ದಕಾರ ಧಕಾರಗಳ ಭೇದವು ಒಂದು ಕಿರುಗೆರೆಯನ್ನು ಅವಲಂಬಿಸಿರುವಲ್ಲಿ, ಆ ಗೆರೆ ಮಾಯವಾದರೆ ಅಶುದ್ಧಪಾಠವೊಂದು ಹೊಸದಾಗಿ ಹುಟ್ಟಿದಂತೆಯೇ ಸರಿ. ಆದುದರಿಂದ ಒಟ್ಟು ಬೆಳಕನ್ನೂ ಕಪ್ಪು ಬಿಳುಪಿನ ಅಂತರವನ್ನೂ ಹೊಂದಿಸುವುದಕ್ಕಿಂತ ಆಚೆಗೆ ಹೋಗಲಾಗದು. ತ್ರುಟಿತ ಭಾಗವು ತ್ರುಟಿತವಾಗಿಯೇ, ದಾರ ಪೋಣಿಸುವ ರಂಧ್ರವು ರಂಧ್ರವಾಗಿಯೇ ಕಾಣಬೇಕು.

ವರ್ಣಚಿತ್ರವಿರುವ ಗರಿಯ ಪಕ್ಕದಲ್ಲಿ ಬೂದುಬಣ್ಣದ ಪಟ್ಟಿಯನ್ನೂ ಅಳತೆಪಟ್ಟಿಯನ್ನೂ ಇಟ್ಟು ಒಂದು ಚಿತ್ರ ತೆಗೆದಿದ್ದರೆ ಬಣ್ಣದ ನಿಜವನ್ನು ಪರೀಕ್ಷಿಸಲು ಆಧಾರ ದೊರೆಯುತ್ತದೆ. ಅಡೋಬಿ ಆರ್‌ಜಿಬಿ ಎಂಬ ವಿಶಾಲ ವರ್ಣವ್ಯಾಪ್ತಿಯ ಚಿತ್ರವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸದೆ ಬಳಸಿದರೆ ಕೆಂಪು ಹಸುರುಗಳು ಮಂಕಾಗಿ ತೋರುವ ಸಂಭವವುಂಟು.

ಮೂಲಚಿತ್ರವನ್ನು ಟಿಫ್ ರೂಪದಲ್ಲಿ ಯಾವ ತಿದ್ದುಪಡಿಯೂ ಇಲ್ಲದೆ ಪ್ರತ್ಯೇಕವಾಗಿ ರಕ್ಷಿಸಿ, ಅದರ ನಕಲಿನಲ್ಲಿ ಮಾತ್ರ ಕೆಲಸ ನಡೆಸಬೇಕು. ಜೆಪೆಗ್ ರೂಪದ ಚಿತ್ರವನ್ನು ತಿದ್ದಿ ತಿದ್ದಿ ಮತ್ತೆ ಉಳಿಸಿದಂತೆಲ್ಲ ಅಕ್ಷರದ ಅಂಚುಗಳು ಕ್ಷಯಿಸುತ್ತವೆ. ಕಡತದ ಹೆಸರಿನಲ್ಲಿ ಪ್ರತಿಯ ಸಂಖ್ಯೆ, ಗರಿಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ ಎಂಬುದು ಇರತಕ್ಕದ್ದು; ಇಲ್ಲವಾದರೆ ಒಂದು ಸೂತ್ರದ ವಿವರಣೆ ಕೇಳಿಸುತ್ತಿರುವಾಗ ಮತ್ತೊಂದು ಸೂತ್ರದ ಗರಿ ಕಾಣಿಸಿಕೊಂಡೀತು. ಅಂಚಿನಲ್ಲಿರುವ ಗರಿಸಂಖ್ಯೆಯನ್ನು ಕತ್ತರಿಸಬಾರದು. ವಿವರಣೆಯ ಬರಹವನ್ನು ಗರಿಯ ಹೊರಗಿನ ಖಾಲಿ ಜಾಗದಲ್ಲಿಯೇ ಇರಿಸಬೇಕು.

ಪ್ರತಿಯನ್ನು ನಕಲು ಮಾಡುವವನು ಕಂಡುದನ್ನು ಕಂಡಂತೆ ಬರೆಯಬೇಕೆಂಬುದು ಗ್ರಂಥಸಂಪಾದನೆಯ ನಿಯಮ. ವಿಡಿಯೊ ಸಂಕಲನಕಾರನೂ ಒಂದು ಬಗೆಯ ಲಿಪಿಕಾರನೇ ಆದುದರಿಂದ ಆ ನಿಯಮ ಅವನಿಗೂ ಸಲ್ಲುತ್ತದೆ. ಸಿದ್ಧವಾದ ಭಾಗವನ್ನು ಪ್ರಕಟಿಸುವ ಮುನ್ನ ಲಿಪಿಯನ್ನು ಬಲ್ಲ ವಿದ್ವಾಂಸರೊಬ್ಬರು ಗರಿ ಗರಿಯಾಗಿ ಪರಿಶೀಲಿಸುವುದು ಶ್ರುತರಕ್ಷಣೆಯ ಒಂದು ಅಂಗವೇ ಆಗಿದೆ.