ಬಾಣದ ಕೀಲಿ ತೋರುವ ದಾರಿ

ಕಾಲೇಜಿನ ಸೆಮಿನಾರ್. ವಿದ್ಯಾರ್ಥಿನಿಯೊಬ್ಬಳು ‘ಮುಂಗಾರು’ ಎಂಬ ವಿಷಯದ ಬಗ್ಗೆ ಕಂಪ್ಯೂಟರಿನಲ್ಲಿ ಚೆಂದದ ನಕ್ಷೆ ಬರೆದು ತಂದಿದ್ದಾಳೆ. ನಡುವೆ ವಿಷಯ, ಸುತ್ತ ಕಾರಣ, ಬೇಸಾಯ, ನೆರೆ ಎಂಬ ಕವಲುಗಳು, ಅವಕ್ಕೆ ಮತ್ತೆ ಟಿಸಿಲುಗಳು. ಮಾತು ಆರಂಭವಾದೊಡನೆ ಪೇಚಾಟವೂ ಆರಂಭ. ಮೌಸ್ ಹಿಡಿದ ಕೈ ನಡುಗಿ, ಬೇಸಾಯದ ಬದಲು ನೆರೆ ತೆರೆದುಕೊಳ್ಳುತ್ತದೆ. ಮರುಕ್ಷಣ ನಕ್ಷೆಯೇ ಪರದೆಯಾಚೆ ಜಾರುತ್ತದೆ. ಓದಿದ್ದೆಲ್ಲ ತಲೆಯಲ್ಲಿದ್ದರೂ ದಾರಿ ತಪ್ಪುತ್ತದೆ. ಇದಕ್ಕೆ ಮದ್ದು ಕೈಯಳತೆಯಲ್ಲೇ ಇದೆ: ಕೀಲಿಮಣೆ.

ವಿಷಯವನ್ನು ಮರದ ಕೊಂಬೆಗಳಂತೆ ಹರಡಿ ಬರೆಯುವ ಈ ‘ಮನೋನಕ್ಷೆ’ಯನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟೋನಿ ಬುಜಾನ್. ಅಂದು ಕಾಗದ, ಬಣ್ಣದ ಪೆನ್ನುಗಳೇ ಸಾಕಾಗಿದ್ದವು. ಇಂದು ಇದಕ್ಕೆಂದೇ ಫ್ರೀಮೈಂಡ್, ಅದರಿಂದ ಕವಲೊಡೆದ ಫ್ರೀಪ್ಲೇನ್ ಮುಂತಾದ ಉಚಿತ ತಂತ್ರಾಂಶಗಳಿವೆ. ಫ್ರೀಪ್ಲೇನ್‌ನಲ್ಲಿ ಟ್ಯಾಬ್ ಒತ್ತಿದರೆ ಹೊಸ ಟಿಸಿಲು, ಎಂಟರ್ ಒತ್ತಿದರೆ ಪಕ್ಕದಲ್ಲೇ ಮತ್ತೊಂದು ಕವಲು. ಸ್ಪೇಸ್ ಕೀಲಿ ಕವಲನ್ನು ಮಡಚುತ್ತದೆ, ಬಿಚ್ಚುತ್ತದೆ. ದಾರಿ ತಪ್ಪಿದರೆ ಎಸ್ಕೇಪ್ ಒತ್ತಿದರಾಯಿತು, ನಡುವಿನ ವಿಷಯಕ್ಕೇ ಮರಳಬಹುದು.

ತೊಡಕಿರುವುದು ಬಾಣದ ಕೀಲಿಗಳಲ್ಲಿ. ನಕ್ಷೆ ನಾಲ್ಕೂ ದಿಕ್ಕಿಗೆ ಹರಡುತ್ತದೆ. ಮಾತು ಮಾತ್ರ ಒಂದೇ ಸಾಲಿನಲ್ಲಿ ಸಾಗುತ್ತದೆ. ಕವಲಿನ ಕೊನೆಯ ಟಿಸಿಲಿನಲ್ಲಿದ್ದಾಗ ಕೆಳಬಾಣ ಒತ್ತಿದರೆ ಎಲ್ಲಿಗೆ ಹೋಗಬೇಕು? ಮುಂದಿನ ಶೀರ್ಷಿಕೆಗೋ, ಕಣ್ಣಿಗೆ ಹತ್ತಿರ ಕಾಣುವ ಪಕ್ಕದ ಕವಲಿನ ಟಿಸಿಲಿಗೋ? ಎರಡನೆಯದಾದರೆ ಶೀರ್ಷಿಕೆಯನ್ನು ಹೇಳುವ ಮೊದಲೇ ವಿವರ ಬಂದುಬಿಡುತ್ತದೆ. ಕೇಳುಗರಿಗೆ ತಲೆಬುಡ ತಿಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ತಂತ್ರಾಂಶ ಮೂರು ಕೆಲಸ ಮಾಡಬೇಕು: ಬಾಣ ಎತ್ತ ಒಯ್ಯುವುದೆಂದು ಮೊದಲೇ ಊಹಿಸುವಂತಿರಬೇಕು, ಈಗ ಎಲ್ಲಿದ್ದೇವೆಂಬುದು ಎದ್ದು ಕಾಣಬೇಕು, ಆಯ್ದ ಭಾಗ ತಾನಾಗಿ ಪರದೆಯೊಳಗೆ ಬರಬೇಕು.

ಇದು ಬರಿಯ ಅನುಕೂಲದ ಮಾತಲ್ಲ. ಕೈಯ ಸ್ವಾಧೀನ ಕಡಿಮೆ ಇರುವವರಿಗೆ, ದೃಷ್ಟಿಯಿಲ್ಲದವರಿಗೆ ಮೌಸ್ ಮುಚ್ಚಿದ ಬಾಗಿಲು. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಲಿಯುವ ವಿದ್ಯಾರ್ಥಿ ಕೀಲಿಮಣೆಯನ್ನೇ ನೆಚ್ಚಿರುತ್ತಾನೆ. 2008ರಲ್ಲಿ ಪ್ರಕಟವಾದ ಅಂತರಜಾಲ ಸುಗಮತೆಯ ಮಾರ್ಗಸೂಚಿಯ ಎರಡನೆಯ ಆವೃತ್ತಿ ಇದನ್ನೇ ಒತ್ತಿಹೇಳಿತು: ಕೆಲಸಗಳೆಲ್ಲ ಕೀಲಿಮಣೆಯಿಂದಲೂ ಸಾಧ್ಯವಾಗಬೇಕು, ಬಳಸುವವರು ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು.

ತಂತ್ರಾಂಶ ಸುಧಾರಿಸುವವರೆಗೆ ಕಾಯಬೇಕಿಲ್ಲ. ಮುಖ್ಯ ಕವಲುಗಳನ್ನೆಲ್ಲ ಒಂದೇ ಬದಿಗೆ, ಹೇಳುವ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಜೋಡಿಸಬೇಕು. ಎಲ್ಲವನ್ನೂ ಮಡಚಿಟ್ಟು, ಒಂದೊಂದನ್ನೇ ಬಿಚ್ಚಿ ವಿವರಿಸಬೇಕು. ಮುಗಿದ ಕವಲಿನ ಶೀರ್ಷಿಕೆಗೆ ಮರಳಿ ಅದನ್ನು ಮಡಚಿದರೆ, ಕೆಳಬಾಣ ಮುಂದಿನ ಶೀರ್ಷಿಕೆಗೇ ಹೋಗಿ ನಿಲ್ಲುತ್ತದೆ.

ಸೆಮಿನಾರಿನ ಹಿಂದಿನ ರಾತ್ರಿ ಮೌಸನ್ನು ಬದಿಗಿಟ್ಟು ಮನೆಯವರ ಮುಂದೆ ಒಮ್ಮೆ ಹೇಳಿ ನೋಡುವುದು ಲೇಸು. ಅಪ್ಪ ಅಮ್ಮನಿಗೆ ವಿಷಯ ಗೊತ್ತಿರಬೇಕೆಂದೇನಿಲ್ಲ. ಮಗಳ ಬೆರಳು ಎಲ್ಲಿ ತಡವರಿಸುತ್ತದೆಂದು ಗಮನಿಸಿದರೆ ಸಾಕು. ಹೆಚ್ಚಿನ ಸಲ ಅಲ್ಲಿ ತೊಡಕಿರುವುದು ಕೀಲಿಯಲ್ಲಲ್ಲ. ಯಾವುದರ ನಂತರ ಯಾವುದು ಎಂಬುದು ಅವಳ ಮನಸ್ಸಿನಲ್ಲೇ ಇನ್ನೂ ತೀರ್ಮಾನವಾಗಿರುವುದಿಲ್ಲ.