ನ್ಯಾಯಾಧೀಶರ ವೇತನವೂ ನ್ಯಾಯಾಂಗದ ಸ್ವಾತಂತ್ರ್ಯವೂ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯ ವ್ಯಾಜ್ಯಗಳು ಮೇಲ್ಮನವಿಗಾಗಿ ಮದರಾಸು ಹೈಕೋರ್ಟಿಗೇ ಬರುತ್ತಿದ್ದುವು. 1862ರಲ್ಲಿ ಸ್ಥಾಪಿತವಾದ ಆ ನ್ಯಾಯಾಲಯದೊಡನೆ ಕನ್ನಡಿಗರ ಸಂಬಂಧ ಹೀಗೆ ಹಳೆಯದು. ಅಲ್ಲಿ ಕುಳಿತು ತೀರ್ಪು ಹೇಳುವವರಿಗೆ ಎಷ್ಟು ವೇತನ ಸಲ್ಲಬೇಕು, ಅದನ್ನು ನಿಶ್ಚಯಿಸತಕ್ಕವರು ಯಾರು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲೆಕ್ಕಪತ್ರದ ವಿಷಯವಾಗಿ ತೋರಬಹುದು. ಆದರೆ ನ್ಯಾಯಾಲಯದ ಮುಂದೆ ಅತಿ ಹೆಚ್ಚಾಗಿ ಬರುವ ಕಕ್ಷಿಗಾರ ಸರ್ಕಾರವೇ. ವೇತನದ ಕೀಲಿಯೂ ಆ ಕಕ್ಷಿಗಾರನ ಕೈಯಲ್ಲಿದ್ದರೆ ಪ್ರಜೆಗೆ ಭರವಸೆಯೆಲ್ಲಿ?

ಸಂವಿಧಾನಕಾರರು ಇದನ್ನು ಬಲ್ಲವರಾಗಿದ್ದರು. ಹೈಕೋರ್ಟು ನ್ಯಾಯಾಧೀಶರ ವೇತನವನ್ನು ಮಾಸಿಕ 3,500 ರೂಪಾಯಿ ಎಂದು ಎರಡನೆಯ ಅನುಸೂಚಿಯಲ್ಲಿಯೇ ನಮೂದಿಸಿದರು. ಅದು ರಾಜ್ಯದ ಸಂಚಿತ ನಿಧಿಯಿಂದ ಸಲ್ಲತಕ್ಕದ್ದು. ಶಾಸನಸಭೆ ಅದನ್ನು ಮತಕ್ಕೆ ಹಾಕುವಂತಿಲ್ಲ. ನೇಮಕವಾದ ಬಳಿಕ ಭತ್ಯೆ, ರಜೆ, ನಿವೃತ್ತಿವೇತನಗಳ ಹಕ್ಕುಗಳನ್ನು ಅವರಿಗೆ ಅಹಿತವಾಗುವಂತೆ ಬದಲಿಸಕೂಡದು.

ಆದರೆ ಈ ರಕ್ಷೆಯೇ ಕಾಲಕ್ರಮದಲ್ಲಿ ಬಂಧನವೂ ಆಯಿತು. ವೇತನವನ್ನು ಏರಿಸಬೇಕಾದರೆ ಸಂವಿಧಾನವನ್ನೇ ತಿದ್ದಬೇಕಾಗಿತ್ತು. ಬೆಲೆಗಳು ಏರುತ್ತ ಹೋದರೂ ಮೂಲವೇತನ 36 ವರ್ಷ ಕದಲಲಿಲ್ಲ. 1986ರ 54ನೆಯ ತಿದ್ದುಪಡಿ ಅದನ್ನು 8,000ಕ್ಕೆ ಏರಿಸಿ, ಮುಂದೆ ಸಂಸತ್ತು ಸಾಮಾನ್ಯ ಶಾಸನದಿಂದಲೇ ನಿಗದಿಪಡಿಸಬಹುದೆಂದಿತು. ಅದರಂತೆ 1998, 2009 ಮತ್ತು 2018ರ ಶಾಸನಗಳು ಕ್ರಮವಾಗಿ 1996ರಿಂದ 26,000, 2006ರಿಂದ 80,000, 2016ರಿಂದ 2,25,000 ರೂಪಾಯಿಗಳನ್ನು ಗೊತ್ತುಪಡಿಸಿದುವು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಈ ನಾಲ್ಕು ಮೊತ್ತಗಳೂ ಆಯಾ ವೇತನ ಆಯೋಗದ ತರುವಾಯ ಕೇಂದ್ರ ಸರ್ಕಾರದ ಕಾರ್ಯದರ್ಶಿಗೆ ದೊರೆತ ವೇತನವೇ ಆಗಿವೆ. ಅಂದರೆ ಆಡಳಿತಾಧಿಕಾರಿಗಾಗಿ ಹಿಡಿದ ಅಳತೆಗೋಲೇ ನ್ಯಾಯಾಧೀಶನಿಗೂ ಅಳತೆಯಾಗಿದೆ.

ಜಿಲ್ಲಾ ಮತ್ತು ಕೆಳಗಿನ ನ್ಯಾಯಾಲಯಗಳವರಿಗೆ ಸಂವಿಧಾನದ ಇಂಥ ರಕ್ಷೆಯೂ ಇರಲಿಲ್ಲ. ರಾಜ್ಯ ಸರ್ಕಾರಗಳು ಇತರ ನೌಕರರೊಡನೆ ಇವರನ್ನೂ ಎಣಿಸುತ್ತಿದ್ದುವು. ಅಖಿಲ ಭಾರತ ನ್ಯಾಯಾಧೀಶರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಈ ಭಾವನೆಯನ್ನು ತಳ್ಳಿಹಾಕಿತು. ನ್ಯಾಯಾಧೀಶರು ರಾಜ್ಯದ ಸಾರ್ವಭೌಮ ಅಧಿಕಾರವನ್ನು ಚಲಾಯಿಸುವವರು. ಅವರಿಗೆ ಹೋಲಿಕೆ ಮಂತ್ರಿಗಳೂ ಶಾಸಕರೂ ಹೊರತು ಆಡಳಿತ ನೌಕರರಲ್ಲವೆಂದಿತು. ಇದರ ಫಲವಾಗಿ 1996ರಲ್ಲಿ ಕನ್ನಡಿಗರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಏರ್ಪಟ್ಟು, 1999ರಲ್ಲಿ ವರದಿಯನ್ನೊಪ್ಪಿಸಿತು. 2002ರಲ್ಲಿ ನ್ಯಾಯಾಲಯವು ಅದರ ವೇತನಶ್ರೇಣಿಗಳನ್ನು ಅಂಗೀಕರಿಸಿತು. ಕಿರಿಯ ಸಿವಿಲ್ ನ್ಯಾಯಾಧೀಶರ ಆರಂಭವೇತನ 9,000 ರೂಪಾಯಿಯಾಯಿತು. ಬಳಿಕ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಇ. ಪದ್ಮನಾಭನ್ ಅವರ ಸಮಿತಿ ಅದನ್ನು 27,700ಕ್ಕೆ ಏರಿಸಿತು. ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿಯವರ ಎರಡನೆಯ ಆಯೋಗದ ಸಲಹೆಯಂತೆ 2016ರಿಂದ ಅನ್ವಯವಾಗುವಂತೆ ಅದು 77,840 ಆಯಿತು.

ಬಡ ತೆರಿಗೆದಾರರ ನಾಡಿನಲ್ಲಿ ಇಷ್ಟು ವೇತನವೇಕೆಂದು ಕೇಳುವುದು ಅನ್ಯಾಯವಲ್ಲ. ವೇತನದಿಂದಲೇ ಪ್ರಾಮಾಣಿಕತೆ ಹುಟ್ಟುವುದಿಲ್ಲ. ಆದರೆ ಸರ್ಕಾರದ ಕೃಪೆಯನ್ನು ಕಾಯುವ ಅವಸ್ಥೆ ನ್ಯಾಯಾಧೀಶನಿಗೆ ಒದಗಕೂಡದು. ಇನ್ನೊಂದು ಮಾತು. 2002ರ ಆ ತೀರ್ಪೇ ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರಿರಬೇಕು, ಐದು ವರ್ಷಗಳಲ್ಲಿ ಅದು ನೆರವೇರಬೇಕೆಂದು ವಿಧಿಸಿತ್ತು. ವೇತನದ ಭಾಗ ಕೈಗೂಡಿದೆ. ಸಂಖ್ಯೆಯ ಭಾಗ ಇನ್ನೂ ಕೈಗೂಡಿಲ್ಲ. ಕಕ್ಷಿಗಾರನು ಕಾಯುತ್ತಿರುವುದು ಈ ಎರಡನೆಯದಕ್ಕೆ.