ಮೊಸಳೆಗಳಿರುವ ನದಿಯ ದಡದಲ್ಲಿ

ಒಡಿಶಾದ ಕೇಂದ್ರಪಾರಾ ಜಿಲ್ಲೆಯ ಭಿತರ್‌ಕನಿಕಾದಲ್ಲಿ ಬ್ರಾಹ್ಮಣಿ ಹಾಗೂ ವೈತರಣಿ ನದಿಗಳು ಸಮುದ್ರವನ್ನು ಸೇರುವೆಡೆ ಕಾಂಡ್ಲಾ ಕಾಡುಗಳು ಹಬ್ಬಿವೆ. ಇಲ್ಲಿನ ತೊರೆಗಳು ಉಪ್ಪುನೀರಿನ ಮೊಸಳೆಗಳ ನೆಲೆ. ದಡದ ಹಳ್ಳಿಗಳ ಜನರೂ ಸ್ನಾನಕ್ಕೆ, ಬಟ್ಟೆ ಒಗೆಯಲು, ಮೀನು ಹಿಡಿಯಲು ಇದೇ ನೀರಿಗೆ ಇಳಿಯುತ್ತಾರೆ.

ಚರ್ಮಕ್ಕಾಗಿ ನಡೆದ ಬೇಟೆಯಿಂದ ಮೊಸಳೆಗಳು ಅಳಿವಿನ ಅಂಚಿಗೆ ಬಂದಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವುಗಳಿಗೆ ರಕ್ಷಣೆ ನೀಡಿತು. 1975ರಲ್ಲಿ ಆರಂಭವಾದ ಯೋಜನೆಯಂತೆ ದಂಗ್ಮಾಲ್‌ನಲ್ಲಿ ಮೊಟ್ಟೆಗಳಿಂದ ಮರಿ ಮಾಡಿಸಿ, ಬೆಳೆಸಿ, ನದಿಗೆ ಬಿಡಲಾಯಿತು. ಆಗ ಸುಮಾರು 100ರಷ್ಟಿದ್ದ ಅವುಗಳ ಸಂಖ್ಯೆ 2025ರ ಗಣತಿಯಲ್ಲಿ 1,800ನ್ನು ಮೀರಿತು. ಆದರೆ ಇದೇ ಅವಧಿಯಲ್ಲಿ ಮೊಸಳೆಗಳ ದಾಳಿಗೆ ಮನುಷ್ಯರೂ ಬಲಿಯಾಗಿದ್ದಾರೆ. 2023ರಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಮೊಸಳೆಯು ಹೊಂಚುಹಾಕಿ ಬೇಟೆಯಾಡುವ ಪ್ರಾಣಿ. ಕಣ್ಣು ಮತ್ತು ಮೂಗಿನ ಹೊಳ್ಳೆಗಳನ್ನಷ್ಟೇ ನೀರಿನ ಮೇಲಿಟ್ಟು ನಿಶ್ಚಲವಾಗಿ ಕಾಯುತ್ತದೆ. ಆದುದರಿಂದ ಪ್ರತಿದಿನ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ನೀರಿಗಿಳಿಯುವುದು ಅಪಾಯಕರ. ಇದನ್ನರಿತು ಅರಣ್ಯ ಇಲಾಖೆಯು ಹಲವು ಸ್ನಾನಘಟ್ಟಗಳ ಸುತ್ತ ನೀರಿನಲ್ಲಿ ಬೇಲಿ ಹಾಕಿಸಿದೆ.

ಬೇಲಿಯಿಲ್ಲದೆಡೆ ನೀರಿಗಿಳಿಯಬಾರದು. ಮುಸ್ಸಂಜೆಯ ನಂತರ ದಡದಿಂದ ದೂರವಿರಬೇಕು. ಮಕ್ಕಳನ್ನು ಒಂಟಿಯಾಗಿ ನದಿಗೆ ಕಳುಹಿಸಬಾರದು. ಮೀನು, ಮಾಂಸದ ತ್ಯಾಜ್ಯವನ್ನು ಘಟ್ಟದ ಬಳಿ ಎಸೆಯಬಾರದು. ಮೇ ತಿಂಗಳಿನಿಂದ ತಾಯಿ ಮೊಸಳೆಯು ಗೂಡನ್ನು ಕಾಯುವುದರಿಂದ ಆ ಕಾಲದಲ್ಲಿ ತೊರೆಗಳ ಅಂಚಿಗೆ ಹೋಗುವುದು ಸಲ್ಲದು.

ಮುರಿದ ಬೇಲಿಯು ಬೇಲಿಯಿಲ್ಲದ ಘಟ್ಟಕ್ಕಿಂತ ಹೆಚ್ಚು ಅಪಾಯಕಾರಿ. ಅದನ್ನು ನಂಬಿ ಜನರು ಮೈಮರೆಯುತ್ತಾರೆ. ಹಾನಿ ಕಂಡೊಡನೆ ಇಲಾಖೆಗೆ ತಿಳಿಸುವುದು, ಮನೆಯ ಸಮೀಪವೇ ನೀರಿನ ವ್ಯವಸ್ಥೆ ಮಾಡಿಕೊಳ್ಳುವುದು ಇಬ್ಬರ ಜೀವವನ್ನೂ ಉಳಿಸುವ ಮಾರ್ಗ.